ನಮ್ಮ ಮನೆಯ ಹಬ್ಬಗಳು: ಹಳೆಯವು, ಬಿಟ್ಟವು, ಹೊಸವು



ದೀಪಾವಳಿ ಮುಗಿಸಿ ಸಾಲಿಗೆ ಬಂದ ದಿನ ನಮ್ಮ ಕನ್ನಡ ಗುರುಗಳು ಏಳನೇ ವರ್ಗದವರಿಗೆ ಒಂದು ಕೆಲಸ ಕೊಟ್ಟರು. ಸಂಕ್ರಮಣದ ಭಿತ್ತಿಪತ್ರಿಕೆಗೆ ಎಲ್ಲರೂ ತಮ್ಮ ತಮ್ಮ ಮನೆಯ ಹಬ್ಬದ ಬಗ್ಗೆ ಬರೆಯಬೇಕು. ಪುಸ್ತಕ ನೋಡಿ ಬರೆಯಬಾರದು. "ಹಬ್ಬಗಳು ನಮ್ಮ ಸಂಸ್ಕೃತಿಯ ಪ್ರತೀಕಗಳು ಅಂತ ಶುರು ಮಾಡಿದವರ ಹಾಳಿ ಗ್ವಾಡಿಗೆ ಹಚ್ಚೂದಿಲ್ಲ" ಎಂದು ಮೊದಲೇ ಹೇಳಿಬಿಟ್ಟರು. ನಾನು ಹಾಗೆಯೇ ಶುರು ಮಾಡಿದ್ದೆ. ಆ ಹಾಳೆ ಹರಿದು ಇದನ್ನು ಬರೆದಿದ್ದೇನೆ.

ಗುರುಗಳು ಮೂರು ಪ್ರಶ್ನೆ ಕೊಟ್ಟಿದ್ದರು. ನಿಮಗೆ ಬಹಳ ಸೇರುವ ಹಬ್ಬ ಯಾವುದು? ಅದನ್ನು ಮೊದಲು ಹೇಗೆ ಮಾಡುತ್ತಿದ್ದಿರಿ, ಈಗ ಹೇಗೆ ಮಾಡುತ್ತೀರಿ? ಹೊಸದಾಗಿ ಏನು ಶುರು ಮಾಡಿದ್ದೀರಿ? ಎಲ್ಲರಿಗೂ ಇದೇ ಪ್ರಶ್ನೆ ಕೇಳಬೇಕು, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕು, ನಮ್ಮ ಮಾತು ಸೇರಿಸಬಾರದು. ಇದಕ್ಕೆ ಅಧ್ಯಯನ ಅನ್ನುತ್ತಾರಂತೆ. ನಾನು ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ಬಿಟ್ಟದ್ದು ಯಾವುದು, ಯಾಕ ಬಿಟ್ಟಿರಿ? ಈ ನಾಲ್ಕನೇ ಪ್ರಶ್ನೆಯಿಂದಲೇ ನಮ್ಮ ಮನ್ಯಾಗ ಗದ್ದಲ ಆತು. ಅದನ್ನು ಆಮೇಲೆ ಹೇಳುತ್ತೇನೆ.

"ಹಬ್ಬ ಅಂದ್ರ ಹಿಂದಿನಿಂದ ಬಂದದ್ದಲ್ರಿ ಸರ್, ಹೊಸದಾಗಿ ಹೆಂಗ ಶುರು ಮಾಡೂದು?" ಎಂದು ನಮ್ಮ ವರ್ಗದ ಹುಡುಗನೊಬ್ಬ ಕೇಳಿದ. ಆಗ ಗುರುಗಳು ಎರಡು ಉದಾಹರಣೆ ಕೊಟ್ಟರು. ನಾವು ಚೌತಿಗೆ ಓಣಿಯಲ್ಲಿ ಮಂಟಪ ಹಾಕಿ ಗಣಪತಿ ಕೂಡಿಸುತ್ತೇವಲ್ಲ, ಹಾಗೆ ಎಲ್ಲರೂ ಕೂಡಿ ಬಯಲಿನಲ್ಲಿ ಮಾಡುವ ಪದ್ಧತಿಯನ್ನು ಲೋಕಮಾನ್ಯ ತಿಲಕರು 1893ರಲ್ಲಿ ಪುಣೆಯಲ್ಲಿ ಬೆಳೆಸಿದರು. ಅದಕ್ಕೂ ಮೊದಲು ಗಣಪತಿ ಹೆಚ್ಚಾಗಿ ಮನೆಯೊಳಗೇ ಇರುತ್ತಿದ್ದ. ಹಾಗೆಯೇ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಮಾಡಲು ಶುರುಮಾಡಿದವರು ಹರ್ಡೇಕರ ಮಂಜಪ್ಪನವರು, 1913ರಲ್ಲಿ, ದಾವಣಗೆರೆಯಲ್ಲಿ. ಅವರು ಮುಂದೆ ನಮ್ಮ ಸಮೀಪದ ಆಲಮಟ್ಟಿಗೇ ಬಂದು ಆಶ್ರಮ ಕಟ್ಟಿಕೊಂಡು ಇದ್ದರು. ಇಷ್ಟು ದೊಡ್ಡ ಹಬ್ಬಗಳಿಗೂ ಶುರುವಾದ ಇಸವಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅವು ಗುಡ್ಡದ ಹಂಗ ಮೊದಲಿನಿಂದ ಇದ್ದವು ಅಂದುಕೊಂಡಿದ್ದೆ.

ನಾನು ಕೇಳಿದ್ದು ನಮ್ಮ ಬಳಗದವರನ್ನು ಮಾತ್ರ. ಆಯಿ, ಅಪ್ಪ, ಅವ್ವ ಮತ್ತು ದೊಡ್ಡಪ್ಪ ಬೀಳಗಿ ತಾಲೂಕಿನ ನಮ್ಮ ಊರಲ್ಲೇ ಇದ್ದಾರೆ. ಕಾಕಾ ಬನಹಟ್ಟಿಯಲ್ಲಿದ್ದಾನೆ. ಅತ್ತಿಯನ್ನು ಮುಧೋಳ ಕಡೆ ಕೊಟ್ಟಿದ್ದಾರೆ. ಅವ್ವನ ತವರುಮನೆ ಜಮಖಂಡಿ ತಾಲೂಕಿನಲ್ಲಿ, ಅಲ್ಲಿ ಮಾಮಾ ಇದ್ದಾನೆ.

ಮೊದಲು ಮಾಮಾನ ಮನೆ. ಅವ್ವನಿಗೆ ಬಹಳ ಸೇರುವ ಹಬ್ಬ ನಾಗರ ಪಂಚಮಿ. ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ ಅಂದರೆ ಅದೇ. ಶ್ರಾವಣ ಬಂದರೆ ಅಣ್ಣ ಬಂದು ಕರೆದುಕೊಂಡು ಹೋಗಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಜೋಳದ ಅಳ್ಳು ಎಲ್ಲ ಇರಬೇಕು. ಬೇವಿನ ಗಿಡಕ್ಕೆ ಹಗ್ಗ ಕಟ್ಟಿ ಜೋಕಾಲಿ ಜೀಕಬೇಕು. ಈಗ ಮಾಮಾನ ಮನೆ ಮುಂದಿನ ಬೇವಿನ ಗಿಡ ರಸ್ತೆ ಅಗಲ ಮಾಡುವಾಗ ಹೋಗಿದೆ. ಜೋಕಾಲಿ ಪಡಸಾಲಿಯ ತೊಲೆಗೆ ಬಂದಿದೆ, ಜೋರಾಗಿ ಜೀಕಿದರೆ ಕಾಲು ಗೋಡೆಗೆ ಬಡಿಯುತ್ತದೆ. ಅವ್ವನಿಗೂ ಪ್ರತಿವರ್ಷ ಹೋಗಲು ಆಗುವುದಿಲ್ಲ, ಆಯಿಯ ಮೊಣಕಾಲು ನೋವು, ನಮ್ಮ ಸಾಲಿ.

ಅದಕ್ಕೆ ಮಾಮಾ ಒಂದು ಹೊಸ ಪದ್ಧತಿ ಮಾಡಿದ್ದಾನೆ. ಪಂಚಮಿಯ ಹಿಂದಿನ ದಿನ ಸ್ಟೀಲಿನ ಡಬ್ಬಿಯಲ್ಲಿ ಐದು ನಮೂನಿ ಉಂಡಿ ಇಟ್ಟು, ಬಟ್ಟೆ ಕಟ್ಟಿ, ಬೀಳಗಿಗೆ ಬರುವ ಬಸ್ಸಿನಲ್ಲಿ ಗುರುತಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಾನೆ. ಅವ್ವ ಸ್ಟ್ಯಾಂಡಿನಲ್ಲಿ ನಿಂತಿರುತ್ತಾಳೆ. ಖಾಲಿ ಡಬ್ಬಿ ತಿರುಗಿ ಕಳಿಸಬಾರದು ಅಂತ ಅವ್ವ ಗುರೆಳ್ಳ ಚಟ್ನಿ, ಅಗಸಿ ಹಿಂಡಿ ತುಂಬಿ ಕಳಿಸುತ್ತಾಳೆ. ಆ ಡಬ್ಬಿ ಎಷ್ಟು ಸಲ ಹೋಗಿ ಬಂದಿದೆಯೋ, ಮುಚ್ಚಳ ನೆಗ್ಗಿ ಈಗ ಸರಿಯಾಗಿ ಕೂಡ್ರುವುದಿಲ್ಲ. "ಹೊಸಾ ಡಬ್ಬಿ ಯಾಕ ತಗೊಳ್ಳೂದಿಲ್ಲ ಬೇ?" ಅಂದರೆ ಅವ್ವ ಸಿಟ್ಟಾಗುತ್ತಾಳೆ.

ಇನ್ನು ಅತ್ತಿಯ ಮನೆ. ಮುಧೋಳ ಕಡೆ ಘಟಪ್ರಭೆಯ ನೀರು ಇರುವುದರಿಂದ ಎಲ್ಲಿ ನೋಡಿದರೂ ಕಬ್ಬು. ಅವರಿಗೆ ಸೇರುವ ಹಬ್ಬ ಎಳ್ಳ ಅಮವಾಸ್ಯೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನನ್ನ ಅಧ್ಯಯನವೆಲ್ಲ ಕೊನೆಗೆ ಈ ಒಂದು ಹಬ್ಬಕ್ಕೇ ಬಂದು ನಿಂತಿತು.

ಎಳ್ಳ ಅಮವಾಸ್ಯೆ ಎಂದರೆ ಮಾರ್ಗಶಿರ ಮಾಸದ ಅಮವಾಸ್ಯೆ. ಡಿಸೆಂಬರ್ ಕೊನೆಗೆ ಇಲ್ಲವೆ ಜನವರಿ ಮೊದಲಿಗೆ, ಸಂಕ್ರಮಣಕ್ಕಿಂತ ಮುಂಚೆ ಬರುತ್ತದೆ. ಆಗ ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತು, ಕಡಲೆ ಕಾಯಿ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ ಇದ್ದಾಳೆ, ಆಕೆಗೆ ಬಯಕೆಯ ಊಟ ಕೊಡಬೇಕು ಎಂದು ನಮ್ಮ ಜನ ನಂಬುತ್ತಾರೆ. ಶೀಗಿ ಹುಣ್ಣಿಮೆಗೂ ಹೀಗೇ ಮಾಡುತ್ತಾರೆ, ಅದು ಮುಂಗಾರಿ ಪೈರಿಗೆ. ಎಳ್ಳ ಅಮವಾಸ್ಯೆಗೆ ಸಜ್ಜಿ ರೊಟ್ಟಿ, ಜೋಳದ ಕಡಕ ರೊಟ್ಟಿ, ಎಣ್ಣೆಗಾಯಿ ಬದನೀಕಾಯಿ, ಪುಂಡಿ ಪಲ್ಯ, ಜುಣಕದ ವಡಿ, ಕಡಬು, ಎಳ್ಳ ಹೋಳಿಗೆ, ಶೇಂಗಾ ಹೋಳಿಗೆ, ಮೊಸರ ಬುತ್ತಿ ಇಷ್ಟೂ ಬುಟ್ಟಿಗೆ ತುಂಬಿ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆ ಮಾಡುತ್ತಾರೆ. ಅವು ಪಾಂಡವರು. ಆಮೇಲೆ ಎಲ್ಲ ಅಡಿಗೆಯನ್ನು ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವವನು ಮುಂದೆ ಹೋಗುತ್ತ ಜೋರಾಗಿ ಒಂದು ಮಾತು ಕೂಗುತ್ತಾನೆ. ಅವನ ಹಿಂದೆ ತಂಬಿಗೆ ಹಿಡಿದವನು ನೀರು ಚಿಮುಕಿಸುತ್ತ ಮರುಮಾತು ಕೂಗುತ್ತಾನೆ. ಹೀಗೆ ಹೊಲದ ನಾಲ್ಕೂ ದಿಕ್ಕು ಮುಗಿದ ಮೇಲೆ ಎಲ್ಲರೂ ಕುಳಿತು ಊಟ.

ಅತ್ತಿಯ ಹೊಲದಲ್ಲಿ ಜೋಳವೇ ಇಲ್ಲ. ಆದರೂ ಕಬ್ಬಿನ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಆ ಹೊತ್ತಿಗೆ ಫ್ಯಾಕ್ಟರಿ ಶುರುವಾಗಿ ಕಬ್ಬು ಕಡಿಯುವ ಗ್ಯಾಂಗಿನವರು ಬಂದಿರುತ್ತಾರೆ. ಬಹಳ ಮಂದಿ ಮಹಾರಾಷ್ಟ್ರದ ಬೀಡ ಕಡೆಯವರು, ಗಂಡ ಹೆಂಡತಿ ಮಕ್ಕಳು ಎಲ್ಲ ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಾರೆ. ಏಳು ವರ್ಷದ ಹಿಂದೆ ಅತ್ತಿ ಅವರಿಗೂ ಎಲೆ ಹಾಕಲು ಶುರುಮಾಡಿದಳು. ಅದಕ್ಕೆ ಕಾರಣ ಕೇಳಿದೆ. ಅತ್ತಿ ಫೋನಿನಲ್ಲಿ ಹೇಳಿದ್ದು ಹೀಗೆ: "ಹೊಲದಾಗ ಇದ್ದವ್ರೆಲ್ಲಾ ಉಣ್ಣಬೇಕು ಅಂತ ಹಬ್ಬ. ನಾವು ವರ್ಷಕ್ಕೊಮ್ಮಿ ಬುತ್ತಿ ಕಟ್ಕೊಂಡು ಬರ್ತೀವಿ. ಅವ್ರು ಹೊಲದಾಗಽ ಅದಾರ. ಅವರ್ನ ಬಿಟ್ಟು ಉಂಡ್ರ ಭೂಮಿತಾಯಿಗಿ ಮುಟ್ಟತೈತೇನು?" ಈ ಸಲ ಗ್ಯಾಂಗಿನ ಒಂದು ಸಣ್ಣ ಹುಡುಗಿ ಹೋಳಿಗೆಯನ್ನು ಮರಾಠಿಯಲ್ಲಿ ಎಣಿಸುತ್ತ ಆರು ತಿಂದಳಂತೆ. ಆ ಹುಡುಗಿ ಅಲ್ಲಿರುವಷ್ಟು ದಿನ ಯಾವ ಸಾಲಿಗೆ ಹೋಗುತ್ತಾಳೆ ಎಂದು ಕೇಳಿದೆ. ಅತ್ತಿ ಸುಮ್ಮನಾದಳು.

ಬನಹಟ್ಟಿಗೆ ನಾನೇ ಹೋಗಿದ್ದೆ, ಒಂದು ರವಿವಾರ ಅಪ್ಪನ ಜೊತೆ. ರಬಕವಿ ಬನಹಟ್ಟಿ ಅಂದರೆ ನೇಕಾರರ ಊರು ಎಂದು ಎಲ್ಲರಿಗೂ ಗೊತ್ತು. ಓಣಿಯೊಳಗೆ ಕಾಲಿಟ್ಟರೆ ಪಾವರ್‌ಲೂಮಿನ ಖಟ್ ಖಟ್ ಶಬ್ದ. ಕಾಕಾ ಒಬ್ಬ ಮಾಲಕರ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡುತ್ತಾನೆ. ಲಾಳಿ ಆ ಕಡೆಯಿಂದ ಈ ಕಡೆ ಎಷ್ಟು ಜೋರಾಗಿ ಓಡುತ್ತದೆ ಎಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಕಂಡಿಕೆಯ ನೂಲು ಮುಗಿದ ಕೂಡಲೇ ಮಗ್ಗ ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಕಾಕಾ ನನ್ನ ಜೊತೆ ಮಾತಾಡುತ್ತಲೇ ನಾಲ್ಕೂ ಮಗ್ಗದ ಶಬ್ದ ಕೇಳಿಸಿಕೊಳ್ಳುತ್ತಿದ್ದ. ಒಂದರ ಶಬ್ದ ತಪ್ಪಿದರೆ ಮಾತು ಅಲ್ಲಿಗೇ ಬಿಟ್ಟು ಓಡುತ್ತಿದ್ದ. ಹಾಗಾಗಿ ಅವನ ಉತ್ತರಗಳು ತುಂಡು ತುಂಡಾಗಿ ನನ್ನ ನೋಟಬುಕ್ಕಿನಲ್ಲಿವೆ.

ಖಂಡೇನವಮಿಗೆ ಮಗ್ಗ ಪೂಜೆ ಮಾಡುವುದು ಅಲ್ಲಿ ಹಳೆಯ ಪದ್ಧತಿ. ಅದು ಆಯುಧ ಪೂಜೆ. ಆದರೆ ಕಾಕಾ ಎಳ್ಳ ಅಮವಾಸ್ಯೆಗೂ ಒಂದು ಮಾಡುತ್ತಾನೆ. ಚಿಗವ್ವ ಮಾಡಿದ ಹೋಳಿಗೆ, ರೊಟ್ಟಿ, ಪಲ್ಯ ಎಲ್ಲ ಒಂದು ತುತ್ತು ಕಲಸಿ ನಾಲ್ಕೂ ಮಗ್ಗದ ಕಾಲ ಹತ್ತಿರ ಇಡುತ್ತಾನೆ. "ನನ್ನ ಹೊಲ ಈಗ ಇದಽ ಅಲ್ಲೇನು?" ಅಂದ. ಮೊದಲ ವರ್ಷ ಮಾಲಕರು ನಕ್ಕರಂತೆ, ಇಲಿ ಬರ್ತಾವ ಅಂತ ಬೈದರಂತೆ. ಈಗ ಮಾಲಕರ ಅವ್ವನೇ "ಚರಗ ಇಟ್ಟಿಯೇನೋ?" ಅಂತ ಕೇಳಿ ಕಳಿಸುತ್ತಾಳಂತೆ. ಕೂಗುವುದಿಲ್ಲವೇ ಎಂದು ಕೇಳಿದೆ. "ಒಳಗ ಕೂಗಿದ್ರ ಯಾರಿಗೆ ಕೇಳಸತೈತಿ ಈ ಸಪ್ಪಳದಾಗ" ಅಂದ. ಆಮೇಲೆ ಸ್ವಲ್ಪ ತಡೆದು, "ಕೂಗೂದು ನಂದಲ್ಲ, ನಿಮ್ಮ ದೊಡ್ಡಪ್ಪಂದು, ನಿಮ್ಮಪ್ಪಂದು" ಅಂದ. ಅಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಏನೂ ಮಾತಾಡಲಿಲ್ಲ.

ಈಗ ನಮ್ಮ ಮನೆಯದು ಹೇಳಬೇಕು.

ನಮ್ಮ ಊರಿನ ಬೋರ್ಡಿನ ಮೇಲೆ ಪುನರ್ವಸತಿ ಕೇಂದ್ರ ಎಂದು ಬರೆದಿದೆ. ನಾವು ಹೊಸೂರು ಅನ್ನುತ್ತೇವೆ. ಆಯಿ ಮಾತ್ರ ಇಂದಿಗೂ "ಸೆಂಟರ್" ಅನ್ನುತ್ತಾಳೆ, ಊರು ಅಂದರೆ ಆಕೆಗೆ ಮುಳುಗಿದ್ದೇ ಊರು. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅದಕ್ಕೇ ಆ ಜಲಾಶಯಕ್ಕೆ ಅವರ ಹೆಸರು ಇದೆ. ಕೆಲಸ ಬಹಳ ವರ್ಷ ನಡೆಯಿತು. 2000 ಇಸವಿಯಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನ ತನಕ ನೀರು ನಿಲ್ಲಿಸಲು ಒಪ್ಪಿತು. 2006ರ ಆಗಸ್ಟ್ 21ರಂದು ಆಗಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಬಂದು ಲೋಕಾರ್ಪಣೆ ಮಾಡಿದರು. ಆಣೆಕಟ್ಟಿಗೆ 26 ಗೇಟುಗಳಿವೆ. ಹೋದ ವರ್ಷ ನಮ್ಮ ಸಾಲಿಯವರು ಪ್ರವಾಸಕ್ಕೆ ಹೋಗಿ ಅಲ್ಲಿಯ ಉದ್ಯಾನದಲ್ಲಿ ಫೋಟೋ ತೆಗೆಸಿಕೊಂಡು ಬಂದೆವು. ಆಯಿಗೆ ಫೋಟೋ ತೋರಿಸಿದರೆ, "ಚಂದ ಐತಿ" ಎಂದು ಒಂದೇ ಮಾತು ಹೇಳಿ ಕಸಬರಿಗಿ ಹಿಡಿದು ಎದ್ದಳು.

ಆ ಹಿನ್ನೀರಿನೊಳಗೆ ನಮ್ಮ ಹಳೇ ಊರು, ನಮ್ಮ ಹೊಲ ಹೋದವು. ಬೇಸಗೆಯಲ್ಲಿ ನೀರು ಇಳಿದಾಗ ನಮ್ಮ ಬಾವಿಯ ಕಟ್ಟೆ ಕಾಣುತ್ತದೆ. ನಾನು ಎರಡು ಸಲ ನೋಡಿದ್ದೇನೆ. ಅದರ ಮೇಲೆ ಕಾಗೆ ಕೂತಿತ್ತು.

ಊರು ಬಿಡುವಾಗ ಎಲ್ಲರೂ ಬಾಗಿಲು, ತೊಲೆ, ಹಂಚು ಚಕ್ಕಡಿಗೆ ಹೇರಿದರಂತೆ. ಆಯಿ ಒಂದು ಗೊಬ್ಬರದ ಚೀಲದಲ್ಲಿ ಹೊಲದ ಐದು ಕಲ್ಲು, ಅಂದರೆ ಪಾಂಡವರನ್ನು ತುಂಬಿಕೊಂಡು ಬಂದಳು. ಅವು ಈಗ ನಮ್ಮ ಹಿತ್ತಲಿನ ಬೇವಿನ ಗಿಡದ ಬುಡದಲ್ಲಿವೆ. ಪ್ರತಿ ಎಳ್ಳ ಅಮವಾಸ್ಯೆಗೆ ಆಯಿ ಸುಣ್ಣ ಹಚ್ಚಿ ಎಡೆ ಹಿಡಿಯುತ್ತಾಳೆ. ಹಬ್ಬ ಅಷ್ಟಕ್ಕೆ ಮುಗಿಯುತ್ತದೆ. ಚರಗ ಚೆಲ್ಲುವುದಿಲ್ಲ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಚರಗ ಚೆಲ್ಲಿದ್ದನ್ನು ನೋಡಿರಲಿಲ್ಲ.

ನಾಲ್ಕನೇ ಪ್ರಶ್ನೆ ಆಯಿಗೆ ಕೇಳಿದೆ. "ಚರಗ ಯಾಕ ಬಿಟ್ಟಿ ಬೇ ಆಯಿ?"

"ಚೆಲ್ಲಾಕ ಹೊಲ ಎಲ್ಲೈತಿ?" ಅಂದಳು. ಅದನ್ನೇ ಬರೆದುಕೊಂಡೆ.

ಆದರೆ ಗುರುಗಳು ಎಲ್ಲರಿಗೂ ಅದೇ ಪ್ರಶ್ನೆ ಕೇಳಬೇಕು ಎಂದಿದ್ದರಲ್ಲ. ದೊಡ್ಡಪ್ಪನ ಮನೆ ನಮ್ಮದರಿಂದ ಮೂರನೇ ಸಾಲಿನಲ್ಲಿದೆ. ದೊಡ್ಡಪ್ಪ ಪರಿಹಾರದ ರೊಕ್ಕದಲ್ಲಿ ಮ್ಯಾಗಳ ಭಾಗದಲ್ಲಿ ಎರಡು ಎಕರೆ ಹೊಲ ತಗೊಂಡಿದ್ದಾನೆ. ಅವನಿಗೆ ಹೊಲ ಇದೆ, ಜೋಳವೂ ಇದೆ. ಆದರೂ ಅವನು ಎಡೆ ಮಾತ್ರ ಇಟ್ಟು ಬರುತ್ತಾನೆ, ಚರಗ ಚೆಲ್ಲುವುದಿಲ್ಲ. ಹಾಗಾದರೆ ಆಯಿ ಹೇಳಿದ ಕಾರಣ ಪೂರ್ತಿ ಸರಿ ಅಲ್ಲ. ದೊಡ್ಡಪ್ಪನನ್ನು ಕೇಳಿದೆ. ಅವನು ಬಹಳ ಹೊತ್ತು ಬೀಡಿ ಸೇದಿ, "ಒಬ್ಬನಽ ಹೆಂಗ ಕೂಗೂದು? ಹಿಂದ ಒಬ್ಬ ಬೇಕಲ್ಲ" ಅಂದ.

ಮನೆಗೆ ಬಂದು ಅಪ್ಪನಿಗೆ ಅದೇ ಪ್ರಶ್ನೆ ಕೇಳಿದೆ. ದೊಡ್ಡಪ್ಪ ಹೇಳಿದ್ದನ್ನು ಹೇಳಲಿಲ್ಲ. ಅಪ್ಪ ಅಂದದ್ದು: "ನಾ ಯಾವಾಗ್ಲೂ ಹಿಂದ ತಂಬಿಗಿ ಹಿಡಿಯಾಂವ. ಮುಂದ ಕೂಗಾವ್ರು ಇರಬೇಕಲ್ಲ."

ಎರಡೂ ಉತ್ತರ ನೋಟಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದೆ. ನನಗೆ ಮೈ ಜುಂ ಅಂತು.

ಅಪ್ಪ ಮತ್ತು ದೊಡ್ಡಪ್ಪ ಮಾತಾಡುವುದಿಲ್ಲ. ಪರಿಹಾರದ ರೊಕ್ಕ ಹಂಚುವಾಗ ಜಗಳ ಆಗಿದೆ. ಯಾರದು ಸರಿ ಯಾರದು ತಪ್ಪು ಅಂತ ನಾನು ಬರೆಯುವುದಿಲ್ಲ, ನನಗೆ ಗೊತ್ತೂ ಇಲ್ಲ. ಅವ್ವ ಮತ್ತು ದೊಡ್ಡವ್ವ ಮಾತಾಡುತ್ತಾರೆ, ನಾವು ಮಕ್ಕಳು ಕೂಡಿ ಆಡುತ್ತೇವೆ. ದಸರೆಯ ದಿನ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಎಂದು ಎಲ್ಲರೂ ಕೈಮುಗಿಯುತ್ತಾರಲ್ಲ, ಆ ದಿನ ಅಪ್ಪ ನನ್ನ ಕೈಯಲ್ಲಿ ಬನ್ನಿ ಕೊಟ್ಟು ದೊಡ್ಡಪ್ಪನ ಮನೆಗೆ ಕಳಿಸುತ್ತಾನೆ. ದೊಡ್ಡಪ್ಪ ತಗೊಂಡು, ತನ್ನ ಬನ್ನಿ ನನ್ನ ಕೈಯಲ್ಲೇ ತಿರುಗಿ ಕಳಿಸುತ್ತಾನೆ. ನಾನು ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಅದೂ ಒಂದು ಹೊಸ ಪದ್ಧತಿಯೇ ಅನ್ನಬಹುದು, ಆದರೆ ನನಗೆ ಸೇರುವುದಿಲ್ಲ.

(ಮನೆಯ ಮಾತು ಸಾಲಿಯ ಗೋಡೆಗೆ ಹಚ್ಚಬಹುದೋ ಇಲ್ಲವೋ ಎಂದು ಆಯಿಯನ್ನು ಕೇಳಿಯೇ ಬರೆದಿದ್ದೇನೆ. "ಊರಿಗೆಲ್ಲಾ ಗೊತ್ತಿದ್ದದ್ದಽ ಐತಿ, ಬರಿ. ಅಕ್ಷರ ಚಂದ ಮಾಡಿ ಬರಿ" ಅಂದಳು.)

ಆ ದಿನ ರಾತ್ರಿ ಎರಡು ಉತ್ತರಗಳನ್ನು ಆಯಿಗೆ ಓದಿ ತೋರಿಸಿದೆ. ಆಯಿ ಇನ್ನೊಮ್ಮೆ ಓದು ಅಂದಳು. ಓದಿದೆ. ಆಮೇಲೆ ದೀಪ ಆರಿಸು ಅಂದಳು. ಅಷ್ಟೇ. ಆದರೆ ಎಂಟು ದಿನದ ಮೇಲೆ ಅವ್ವ, ದೊಡ್ಡವ್ವ ಇಬ್ಬರನ್ನೂ ಕರೆದು, "ಈ ಸಲ ಎಳ್ಳಮಾಸಿಗೆ ಹೊಳಿ ದಂಡಿಗೆ ಹೋಗೂಣು. ನೀ ಹೋಳಿಗಿ ಮಾಡು, ನೀ ರೊಟ್ಟಿ ಬಡಿ" ಎಂದಳು. ಯಾವ ಹೊಲಕ್ಕೆ ಎಂದು ಅವ್ವ ಕೇಳಿದಳು. "ನಮ್ಮ ಹೊಲಕ್ಕಽ" ಅಂದಳು ಆಯಿ. "ನೀರಾಗ ಇದ್ರೂ ನಮ್ದಽ ಅಲ್ಲೇನು? ಮೀನ ತಿನ್ಲಿ."

ಕೂಗುವವರು ಯಾರು ಎಂಬ ಪ್ರಶ್ನೆ ಬಂತು. ಮುಂದೆ ದೊಡ್ಡಪ್ಪನ ಮಗ, ಅಂದರೆ ನಮ್ಮ ಅಣ್ಣ, ಅವನು ಒಂಬತ್ತನೇ ವರ್ಗ. ಹಿಂದೆ ತಂಬಿಗೆ ಹಿಡಿದು ನಾನು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮಲ್ಲಿ ಹೆಣ್ಣುಮಕ್ಕಳು ಚರಗದ ಹಿಂದೆ ಕೂಗುವುದಿಲ್ಲ. ಆಮೇಲೆ "ಹೊಲಾನಽ ಇಲ್ಲ, ಇನ್ನ ಯಾವ ಪದ್ಧತಿ ಹಿಡ್ಕೊಂಡು ಕುಂದ್ರೂದು, ಕೂಗು" ಅಂದಳು. ನಾವಿಬ್ಬರೂ ನಾಲ್ಕು ದಿನ ಸಂಜೆ ಸಾಲಿಯ ಹಿಂದೆ ಅಭ್ಯಾಸ ಮಾಡಿದೆವು. ನಮ್ಮನ್ನು ನೋಡಿ ಐದನೇ ವರ್ಗದ ಹುಡುಗರು ನಕ್ಕದ್ದು ನನಗೆ ನೆನಪಿದೆ, ಅವರ ಹೆಸರೂ ಗೊತ್ತಿದೆ.

ಅಮವಾಸ್ಯೆ ದಿನ ಅಪ್ಪ ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರ್ ನಮ್ಮದಲ್ಲ, ಅಪ್ಪ ಅದಕ್ಕೆ ಡ್ರೈವರ್. ಟ್ರೇಲರಿನಲ್ಲಿ ಆಯಿ, ಅವ್ವ, ದೊಡ್ಡವ್ವ, ನಾವು ಮಕ್ಕಳು, ಬುಟ್ಟಿಗಳು, ಮತ್ತು ಗೊಬ್ಬರದ ಚೀಲದಲ್ಲಿ ಪಾಂಡವರು. ಆಯಿ ಅವರನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ದೊಡ್ಡಪ್ಪ ಬೇರೆಯಾಗಿ ಮೋಟರ್ ಸೈಕಲ್ ಮೇಲೆ ಬಂದ, ಹಿಂದೆ ಕಬ್ಬಿನ ಗಳ ಕಟ್ಟಿಕೊಂಡು.

ಹಿನ್ನೀರು ಇನ್ನೂ ಜಾಲಿ ಗಿಡಗಳ ಬುಡದ ತನಕ ಇತ್ತು. ನೀರಿನ ದಂಡೆಯಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು, ಒಂದು ಜಾಲಿಯ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಆಯಿ ನೀರಿನ ಕಡೆ ಕೈ ಮಾಡಿ, "ಆ ಒಣಗಿದ ಗಿಡದ ನೇರಕ್ಕ ನಮ್ಮ ಬಾಂವಿ, ಅದರಾಚಿ ನಮ್ಮ ಬದು" ಎಂದು ತೋರಿಸಿದಳು. ನನಗೆ ನೀರೇ ಕಂಡಿತು. ಅಪ್ಪ ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ, ದೊಡ್ಡಪ್ಪ ಮೋಟರ್ ಸೈಕಲ್ಲಿನ ಹತ್ತಿರ.

ಅಣ್ಣ ಬುಟ್ಟಿ ಹಿಡಿದು ನೀರಿನ ಅಂಚಿಗೆ ಹೋದ. ನಾನು ಹಿಂದೆ. ಅಣ್ಣನಿಗೆ ನಾಚಿಕೆಯಾಗಿ ದನಿಯೇ ಹೊರಡಲಿಲ್ಲ. ಎರಡನೇ ಸಲವೂ ಸಣ್ಣಗೆ ಕೂಗಿದ. ಆಗ ದೊಡ್ಡಪ್ಪ ಬಂದು, "ಹಂಗಲ್ಲೋ, ಭೂಮಿತಾಯಿ ಕಿವ್ಡಿ ಅದಾಳೇನು? ಇಲ್ಲಿ ತಾ" ಎಂದು ಬುಟ್ಟಿ ಕಸಿದುಕೊಂಡ. ಚರಗ ಎತ್ತಿ ನೀರಿನ ಮೇಲೆ ಚೆಲ್ಲಿ ಎಷ್ಟು ಜೋರಾಗಿ ಕೂಗಿದ ಎಂದರೆ ಆಚೆ ಕಡೆಯ ಬೆಳ್ಳಕ್ಕಿಗಳು ಎದ್ದು ಹಾರಿದವು.

ಈಗ ನಾನು ಮರುಮಾತು ಕೂಗಬೇಕು. ಮಾತೆಲ್ಲ ಬಾಯಿಪಾಠ ಇತ್ತು, ಆದರೆ ಗಂಟಲು ಕಟ್ಟಿತು. ಆಗ ಹಿಂದಿನಿಂದ ಮರುಮಾತು ಬಂತು. ಅಪ್ಪನ ದನಿ. ಟ್ರ್ಯಾಕ್ಟರಿನ ಹತ್ತಿರ ನಿಂತೇ ಕೂಗಿದ್ದ. ಅವನಿಗೂ ತಾನು ಕೂಗಿದ್ದು ಗೊತ್ತಾದ ಹಾಗೆ ಕಾಣಲಿಲ್ಲ.

ದೊಡ್ಡಪ್ಪ ತಿರುಗಿ ನೋಡಲಿಲ್ಲ. ಮುಂದೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಚೆಲ್ಲಿ ಕೂಗಿದ. ಅಪ್ಪ ಬಂದು ನನ್ನ ಕೈಯಿಂದ ತಂಬಿಗೆ ತಗೊಂಡ. ಹಾಗೆಯೇ ಇಬ್ಬರೂ ದಂಡೆ ಗುಂಟ ಜಾಲಿ ಸಾಲು ಮುಗಿಯುವ ತನಕ ಹೋದರು. ಒಬ್ಬ ಕೂಗುವುದು, ಒಬ್ಬ ನೀರು ಚಿಮುಕಿಸಿ ಮರುಕೂಗು ಹಾಕುವುದು. ಆಯಿ ಐದು ಕಲ್ಲುಗಳ ಹತ್ತಿರ ಕೂತು ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ನಾನು ಮತ್ತು ಅಣ್ಣ ಏನು ಮಾಡಬೇಕು ತಿಳಿಯದೆ ಕಬ್ಬು ತಿಂದೆವು.

ಊಟಕ್ಕೆ ಕೂತಾಗ ಆಯಿ ಇಬ್ಬರ ನಡುವೆ ಕೂತಳು. ಎಲ್ಲರೂ ಸುಮ್ಮನೆ ಉಂಡರು. ದೊಡ್ಡಪ್ಪ ಒಂದು ಸಲ "ಹಿಂಡಿ ಈಚೆ ಸರಸು" ಅಂದ. ಅಪ್ಪ ಸರಿಸಿದ. ಅವರಿಬ್ಬರೂ ಮಾತಾಡಿದ್ದು ಅಷ್ಟೇ. ಈ ಹಾಳೆ ಬರೆಯುವ ದಿನದ ತನಕ ದೊಡ್ಡಪ್ಪ ನಮ್ಮ ಮನೆಗೆ ಬಂದಿಲ್ಲ, ಅಪ್ಪ ಅವರ ಮನೆಗೆ ಹೋಗಿಲ್ಲ. ಗುರುಗಳು ನಡೆದದ್ದನ್ನು ಮಾತ್ರ ಬರೆಯಬೇಕು ಎಂದಿದ್ದಾರೆ, ಅದಕ್ಕೆ ಇದನ್ನೂ ಬರೆದಿದ್ದೇನೆ.

ಇನ್ನೊಂದು ಮಾತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ಆಲಮಟ್ಟಿಯಲ್ಲಿ 524.256 ಮೀಟರಿನ ತನಕ ನೀರು ನಿಲ್ಲಿಸಬಹುದು ಎಂದು ತೀರ್ಪು ಕೊಟ್ಟಿದೆ. ಹಾಗೆ ನಿಲ್ಲಿಸಿದರೆ ದೊಡ್ಡಪ್ಪನ ಎರಡು ಎಕರೆಯೂ ಹೋಗಬಹುದು ಎಂದು ಮನೆಯಲ್ಲಿ ಮಾತಾಡುತ್ತಾರೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪವನ್ನು ನೀರಿನಿಂದ ಉಳಿಸಲು ಸುತ್ತಲೂ ಬಾವಿಯಂಥ ಗೋಡೆ ಕಟ್ಟಿದ್ದಾರೆ, ಮೆಟ್ಟಿಲು ಇಳಿದು ಕೆಳಗೆ ಹೋಗಿ ನಮಸ್ಕಾರ ಮಾಡಬೇಕು. ಎರಡು ಎಕರೆ ಹೊಲಕ್ಕೆ ಹಾಗೆ ಯಾರು ಕಟ್ಟುತ್ತಾರೆ? ದೊಡ್ಡಪ್ಪನಿಗೆ ಈ ಪ್ರಶ್ನೆ ಕೇಳಿಲ್ಲ.

ಪಾಂಡವರು ತಿರುಗಿ ಹಿತ್ತಲಿಗೆ ಬಂದಿದ್ದಾರೆ. ಮುಂದಿನ ವರ್ಷವೂ ಹೊಳೆ ದಂಡೆಗೇ ಹೋಗುವುದು ಎಂದು ಆಯಿ ಹೇಳಿದ್ದಾಳೆ. ಕಾಕಾನಿಗೂ ಫೋನ್ ಮಾಡಿಸಿದ್ದಾಳೆ, ಅಮವಾಸ್ಯೆಗೆ ಶೆಡ್ಡು ಬಂದ್ ಇರುತ್ತದೆ, ಮಗ್ಗಕ್ಕೆ ನಸುಕಿನಲ್ಲೇ ಎಡೆ ಇಟ್ಟು ಬರುತ್ತೇನೆ ಅಂದಿದ್ದಾನೆ. ನನಗೆ ಕೂಗುವುದನ್ನು ಕಲಿಸುವೆನೆಂದು ದೊಡ್ಡಪ್ಪ ಒಪ್ಪಿದ್ದಾನೆ, ಮೊದಲು ಅಣ್ಣನಿಗಂತೆ, ಆಮೇಲೆ ನನಗಂತೆ.

ನಮ್ಮ ವರ್ಗದಲ್ಲಿ ಮುಳುಗಡೆ ಊರಿನವರು ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯವರ ಹೊಲವೂ ಅದೇ ನೀರಿನಲ್ಲಿದೆ. ಬರುವ ಎಳ್ಳ ಅಮವಾಸ್ಯೆಗೆ ಬರುವವರು ನನಗೆ ಮೊದಲೇ ಹೆಸರು ಹೇಳಿರಿ, ಟ್ರೇಲರಿನಲ್ಲಿ ಜಾಗ ನೋಡಬೇಕು. ರೊಟ್ಟಿ, ಹೋಳಿಗೆ ನಮ್ಮ ಮನೆಯಿಂದ ಇರುತ್ತವೆ. ತಂಬಿಗೆ ಮಾತ್ರ ನೀವೇ ತರ್ರಿ, ನಮ್ಮ ಮನ್ಯಾಗ ಒಂದಽ ಐತಿ.

ಏಳನೇ ತರಗತಿಯ ವಿದ್ಯಾರ್ಥಿನಿ
(ಮೂಲೆಯಲ್ಲಿರುವ ಜೋಳದ ತೆನೆ ಮತ್ತು ಬೆಳ್ಳಕ್ಕಿಯ ಚಿತ್ರ ನನ್ನ ಗೆಳತಿ ಬಿಡಿಸಿದ್ದು. ತೆನೆ ಕಬ್ಬಿನ ಹಂಗ ಕಂಡರೆ ನಗಬಾರದು.)